ಇಟಲಿ ಅಜ್ಜನ ವಿಮಾನಕ್ಕೆ ನಾನಿಟ್ಟ ನಿಂಬೆಹಣ್ಣು

ಸಿಹಿ ಸುದ್ದಿ ಮೊದಲೇ ಹೇಳಿಬಿಡ್ತೀನ್ರಿ, ಹೊಟ್ಟೆಯೊಳಗೆ ನಿಲ್ಲವಲ್ಲದು. ನನ್ನ ಮೊಮ್ಮಗಳಿಗೆ ಆಸ್ಟಿನ್ನಿನ ಕಾಲೇಜಿನಲ್ಲಿ ಸೀಟು ಸಿಕ್ಕಿತು. ವಿಮಾನ ಕಟ್ಟುವ ಓದು! ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳ ಮೊಮ್ಮಗಳು ನೋಡ್ರಿ.

ಮುಂಜಾನೆ ಸುದ್ದಿ ಬಂದ ಕೂಡಲೇ ಅವಳು ಕಪಾಟಿನ ಮೇಲಿದ್ದ ಕಟ್ಟಿಗೆಯ ವಿಮಾನ ಇಳಿಸಿ ನನ್ನ ತೊಡೆಯ ಮೇಲಿಟ್ಟಳು. ವಾರ್ನಿಶ್ ವಾಸನೆ ಇನ್ನೂ ಹೋಗಿಲ್ಲ... ಇಟಲಿ ಅಜ್ಜ ಕಣ್ಣ ಮುಂದೆ ಬಂದರು.

ಇಲ್ಲಿ ಮಿಸೌರಿ ಸಿಟಿಯಲ್ಲಿ ನಾನಿರುವ ಮಗನ ಮನೆಯ ಬೇಲಿಯಾಚೆಗೇ ಅವರ ಮನೆ ಇತ್ತು. ನನಗೆ ಇಂಗ್ಲಿಷ್ ಬಾರದು, ಮೊಮ್ಮಗಳೇ ನಡುವೆ ನಿಂತು ತಿಳಿಸಿ ಹೇಳೋಳು. ದೊಡ್ಡ ಯುದ್ಧ ಮುಗಿದ ಮೇಲೆ ಇಟಲಿಯ ಅವರೂರಿನ ಕಾರ್ಖಾನೆಯಲ್ಲಿ ಮಂದಿ, ಸಾಮಾನು ಸಾಗಿಸುವ ನಾಲ್ಕು ಇಂಜಿನ್ನಿನ ವಿಮಾನ ಕಟ್ಟಿದರಂತೆ. ಅದರ ರೆಕ್ಕೆಗೆ ರಿವೆಟ್ ಮೊಳೆ ಹೊಡೆದವರು ಇವರು. ಪರೀಕ್ಷೆಗೆಂದು ಒಂದೇ ಒಂದು ಕಟ್ಟಿದ್ದು. ಚೆನ್ನಾಗಿಯೇ ಹಾರಿತು, ಕೊಳ್ಳುವವರು ಬರಲಿಲ್ಲ. ಕಡೆಗೆ ಒಡೆದು ಗುಜರಿಗೆ ಹಾಕಿದರು... ಅದನ್ನೇ ನೆನಪಿನಿಂದ ಕಟ್ಟಿಗೆಯಲ್ಲಿ ಕೆತ್ತಿದ್ದರು. "ನಾನು ಹೋದ ಮೇಲೆ ಇಂಥದೊಂದು ಇತ್ತು ಅಂತ ಹೇಳುವವರು ಯಾರು?" ಅನ್ನುತ್ತಿದ್ದರು.

ಒಂದು ವರ್ಷ ಆಯುಧ ಪೂಜೆಗೆ, ಮಗನ ಕಾರಿನ ಜೊತೆ ಆ ಕಟ್ಟಿಗೆ ವಿಮಾನಕ್ಕೂ ಪೂಜೆ ಆಗಲಿ ಅಂತ ಅವರನ್ನು ಕೇಳಿ ಮನೆಗೆ ತಂದೆ. ಕುಂಕುಮ ಹಚ್ಚಿ ಹೂ ಏರಿಸಿದೆ. ಅಷ್ಟಕ್ಕೇ ಬಿಡಬೇಕಿತ್ತು. ಗಾಲಿಯ ಕೆಳಗೆ ನಿಂಬೆಹಣ್ಣು ಇಡದೆ ಮನಸ್ಸು ಕೇಳಲಿಲ್ಲ. ಇಟ್ಟು, ಮೇಲಿಂದ ಒತ್ತಿ ನೂಕಿದೆ. ಹಣ್ಣು ಒಡೆಯಲಿಲ್ಲ, ವಿಮಾನದ ಕಾಲು ಲಟಕ್ಕನೆ ಮುರಿಯಿತು.

"ಅಜ್ಜೀ, ನೋ!" ಅಂದಳು ಮೊಮ್ಮಗಳು.

ಸೆರಗಿನಲ್ಲಿ ಸುತ್ತಿ ಒಯ್ದು ಅವರ ಮುಂದಿಟ್ಟೆ. ಅಜ್ಜ ಕುಂಕುಮ ನೋಡಿದರು, ಮುರಿದ ಕಾಲು ನೋಡಿದರು. ನಿಂಬೆಹಣ್ಣು ಯಾಕೆ ಅಂತ ಕೇಳಿದರು. ದಾರಿಯಲ್ಲಿ ಏನೂ ಆಗದಿರಲಿ ಅಂತ, ಎಂದು ಮೊಮ್ಮಗಳು ಹೇಳಿದ್ದೇ ತಡ, ಹೊಟ್ಟೆ ಹಿಡಿದು ನಕ್ಕರು. "ನಿಮ್ಮಜ್ಜಿ ನಮ್ಮ ಕಾರ್ಖಾನೆಯಲ್ಲಿ ಇರಲಿಲ್ಲ, ಪುಣ್ಯ! ಹಾರೋಕೆ ಮೊದಲೇ ಮುರೀತಿತ್ತು."

ಅವರ ಕೈ ಆಗಲೇ ನಡುಗುತ್ತಿತ್ತು. ಅಂಟಿನ ಡಬ್ಬಿ ಅವಳಿಗೆ ಕೊಟ್ಟರು. ಮೂರು ಸಲ ತಪ್ಪಿದಳು, ನಾಲ್ಕನೆಯದಕ್ಕೆ ಕಾಲು ನಿಂತಿತು. ಅಂದಿನಿಂದ ಶಾಲೆ ಬಿಟ್ಟ ಕೂಡಲೇ ಅವರ ಗ್ಯಾರೇಜಿಗೇ ಓಟ. ಅಜ್ಜ ಆಸ್ಪತ್ರೆಗೆ ಹೋಗುವ ಮುಂಚೆ ವಿಮಾನ ತಂದು, "ರಿಪೇರಿ ಮಾಡಿದವರದೇ ಇದು" ಅಂತ ಅವಳ ಕೈಗಿಟ್ಟರು. ಮನೆಗೆ ಮರಳಲಿಲ್ಲ... ಇವತ್ತಿನ ಸುದ್ದಿ ಹೇಳೋಣ ಅಂದರೆ ಬೇಲಿಯಾಚೆ ಈಗ ಬೇರೆಯವರಿದ್ದಾರೆ.

ಸಂಜೆ ಡಲ್ಲಾಸಿನಿಂದ ಮಗಳು, ಅಳಿಯ ಡ್ರೈವ್ ಮಾಡಿ ಬಂದರು. ಎಲ್ಲರೂ ಕೂಡಿ ಊಟಕ್ಕೆ ಕೂತೆವು, ವಿಮಾನ ಟೇಬಲ್ ಮೇಲೆಯೇ ಇತ್ತು. "ಯಾವ ಪ್ಲೇನ್ ಇದು?" ಅಂದಳು ಮಗಳ ಸಣ್ಣ ಕೂಸು. ನಾನು ಬಾಯಿ ತೆರೆಯುವ ಮೊದಲೇ ಮೊಮ್ಮಗಳು ಶುರು ಮಾಡಿದಳು. ನಾಲ್ಕು ಇಂಜಿನ್, ರಿವೆಟ್, ಗುಜರಿ, ನನ್ನ ನಿಂಬೆಹಣ್ಣು... ಒಂದೂ ಬಿಡಲಿಲ್ಲ. ನಾನು ಕೇಳುತ್ತ ಅವಳ ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿದೆ.