ಅವ್ವ ಕೊಟ್ಟ ಗುಳಿಗೆ

ಅವ್ವ ತೀರಿಕೊಂಡು ಎಷ್ಟೋ ವರ್ಷವಾಯಿತು. ಆ ಗುಳಿಗೆಯ ಸಿಟ್ಟು ಮಾತ್ರ ನನಗಿನ್ನೂ ಇಳಿದಿಲ್ಲ.

ಆಂಧ್ರ ರಾಜ್ಯವಾದ ಹೊಸತು. ನನ್ನಣ್ಣ ಆದೋನಿಯ ಹತ್ತಿ ಮಿಲ್ಲೊಂದರಲ್ಲಿ ಗುಮಾಸ್ತನಾಗಿದ್ದ. ಹತ್ತಿಯ ಬಂಡಿಗಳು ಸಾಲುಗಟ್ಟಿದರೆ ಎರಡು ಪಾಳಿಯನ್ನೂ ಅವನೊಬ್ಬನೇ ಎಳೆಯಬೇಕು. ನಿದ್ದೆ ಬಾರದಿರಲೆಂದು ಮಿಲ್ಲಿನವರೇ ಬಿಳಿ ಗುಳಿಗೆಯ ರೂಢಿ ಹಚ್ಚಿದರು, ಪುಣ್ಯವಂತರು. ಮೂರು ಸುಗ್ಗಿ ನುಂಗಿದ. ಹಸಿವು ಸತ್ತಿತು, ಮೈ ಕಡ್ಡಿಯಾಯಿತು, ಮಾಳಿಗೆಯ ಮೇಲೆ ಇಲ್ಲದ ಕಳ್ಳರು ಕಾಣತೊಡಗಿದರು. ಒಂದು ದಿನ ತಾನೇ ಡಬ್ಬಿಯನ್ನು ನನ್ನ ಕೈಗಿಟ್ಟು, "ಸಾಕವ್ವ ತಂಗಿ, ಬಾವಿಗೆ ಒಗಿ" ಎಂದು ಮಲಗಿಬಿಟ್ಟ. ನಾನು ಒಗೆದೆ.

ಎಬ್ಬಿಸಿದರೆ ಏಳಲಿಲ್ಲ. ಎದ್ದರೂ ಗೋಡೆ ನೋಡುತ್ತ ಕೂಡುತ್ತಿದ್ದ. ತಾನೇ ಸಾಕಿದ ಹೋರಿ ಅಂಗೈ ನೆಕ್ಕಿದರೂ ಮುಖ ಅರಳಲಿಲ್ಲ.

ಡಾಕ್ಟರು ಬಂದು ನೋಡಿದರು. "ಇಷ್ಟು ದಿನ ಮೆದುಳಿಗೆ ಚಾಟಿ ಹೊಡೆದು ಓಡಿಸ್ಯಾನ. ಈಗ ಅದು ಕುಸಿದು ಕುಂತೈತಿ. ಸಂತೋಷ ಅನ್ನೋದೂ ಅದರಾಗೇ ಹುಟ್ಟಬೇಕಲ್ಲಮ್ಮ? ಮಲಗಲಿ, ಎದ್ದಾಗ ಉಣ್ಣಲಿ" ಎಂದರು.

ಆದರೆ ನಮ್ಮದು ಲಿಂಗ ಕಟ್ಟಿದ ಮನೆತನ. ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸುವ ತನಕ ಹನಿ ನೀರೂ ಇಲ್ಲ. ಏಳಲಾರದ ಅಣ್ಣನಿಗೂ ಅವ್ವ ಅದೇ ನೇಮ ಹಾಕಿದಳು.

"ಕಾಯಿಲಾದವರಿಗೆ ಎಂಥ ನೇಮ ಬೇ?" ಎಂದೆ.

"ಜ್ವರಾ ಇಲ್ಲ, ಗಾಯಾ ಇಲ್ಲ. ಇದು ಸೋಮಾರಿತನ" ಎಂದಳು ಅವ್ವ.

ಅವಳು ಹೊಲಕ್ಕೆ ಹೋದಾಗ ಕದ್ದು ಗಂಜಿ ಕುಡಿಸಿದೆ. ಆರನೆಯ ದಿನ ಅಣ್ಣ ಮುಖ ಕಿವುಚಿ, "ಉಪ್ಪು ಕಮ್ಮಿ ಐತಿ" ಎಂದ. ನಾಲಿಗೆಗೆ ರುಚಿ ಬಂದಿತ್ತು. ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಮರುದಿನ ನಾನು ನೀರು ಹೊತ್ತು ಬರುವಷ್ಟರಲ್ಲಿ ಅಣ್ಣ ಮಿಂದು, ವಿಭೂತಿ ಧರಿಸಿ, ನೆಟ್ಟಗೆ ಪೂಜೆಗೆ ಕೂತಿದ್ದ. ರೆಪ್ಪೆ ಬಡಿಯುತ್ತಿರಲಿಲ್ಲ. ಹಲ್ಲು ಕಡಿಯುತ್ತಿದ್ದ.

"ಅಂಗಿ ಕಿಸೆದಾಗ ಎರಡು ಗುಳಿಗಿ ಉಳಿದಿದ್ವು. ಒಂದು ಕೊಟ್ಟೆ. ಹೆಂಗ ಕುಂತಾನ ನೋಡು" ಎಂದಳು ಅವ್ವ, ಹಿಗ್ಗಿನಿಂದ.

ಕೊಡ ಇಳಿಸಿದೆ. "ಪೂಜಿಗಿಂತ ಮೊದಲು ನೀರು ಕುಡಿಸಿದೇನು?"

"ಔಷಧಕ್ಕ ನೇಮ ಇಲ್ಲ."

ಗಂಜಿಗೆ ಇದ್ದ ನೇಮ ವಿಷಕ್ಕಿರಲಿಲ್ಲ. ಬಾಯಿಗೆ ಬಂದಂತೆ ಬೈದೆ. ಹೆತ್ತವಳೆಂದೂ ನೋಡಲಿಲ್ಲ. ಅದಕ್ಕಾಗಿ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಮಾರನೆಯ ಬೆಳಗ್ಗೆ ಯಾರೂ ಎಬ್ಬಿಸುವ ಮೊದಲೇ ಅಣ್ಣ ಎದ್ದು ಕೂತಿದ್ದ. ಲಿಂಗ ಹಿಡಿಯುವ ಆ ಅಂಗೈಯನ್ನೇ ಅವ್ವನ ಮುಂದೆ ಚಾಚಿ, "ಇನ್ನೊಂದು ಐತಲ್ಲ, ಕೊಡು" ಎಂದ.