ಎರಡು ಗೋಡೆಗಳ ನಡುವಿನ ಹೆಜ್ಜೆ

ಬೆಳಗಿನ ಐದೂವರೆ. ಉದ್ಯಾನಕ್ಕೆ ವಾಯುವಿಹಾರಿಗಳು ಇನ್ನೂ ಬಂದಿಲ್ಲ. ಎದುರುಬದುರು ನಿಂತ ಎರಡು ಕಲ್ಲುಗೋಡೆಗಳ ನಡುವೆ ಹೆಂಗಸೊಬ್ಬರು ಮಂಡಿಯೂರಿ ಕುಳಿತಿದ್ದಾರೆ. ಹಾಸುಗಲ್ಲಿನಲ್ಲಿ ಕೊರೆದ ಜೋಡಿ ಹೆಜ್ಜೆಗಳಿಂದ ಒದ್ದೆ ಎಲೆ ಬಳಿದು ತೆಗೆದು, ಬ್ರಷ್ಷಿನಿಂದ ಉಜ್ಜುತ್ತಿದ್ದಾರೆ. ಕಲ್ಲುಕುಟಿಗರ ಓಣಿಗೆಲ್ಲ ಅವರು 'ಉಳಿಯಕ್ಕ'.

ಇದು ಶಾಂತಿಪಾಲನೆಗೆ ಹೋದ ಸೈನಿಕರ ಸ್ಮಾರಕ. ಗೋಡೆಗಳೆಂದರೆ ಕಾದಾಡುವ ಎರಡು ಪಕ್ಷ. ನಡುವೆ ಪ್ರತಿಮೆಯಿಲ್ಲ, ಬಂದೂಕಿಲ್ಲ, ಬರೀ ಹೆಜ್ಜೆಗಳು. ನೋಡಲು ಬಂದವರೇ ಅವುಗಳಲ್ಲಿ ಕಾಲಿಟ್ಟು ಸೈನಿಕನ ಜಾಗದಲ್ಲಿ ನಿಲ್ಲಬೇಕೆಂಬುದು ವಿನ್ಯಾಸಕರ ಕಲ್ಪನೆ. ಫಲಕದಲ್ಲಿ ಅವರ ಹೆಸರಿದೆ. ಹೆಜ್ಜೆ ಕಡೆದ ಉಳಿಯಕ್ಕನದ್ದಿಲ್ಲ.

ಅಪ್ಪನ ಕೈಯಿಂದ ಉಳಿ ತೆಗೆದುಕೊಂಡು ಮೂವತ್ತೊಂದು ವರ್ಷ. ದಿನಕ್ಕೆ ಎಂಟು ಗಂಟೆ ಕೆಲಸ. ಚಳಿ ಬಂದರೆ ಕೆಮ್ಮು. ಸುತ್ತಿಗೆ ಸದ್ದಿಗೆ ಎಡಗಿವಿ ಮಂದವಾಗಿದೆ. "ಬೇಡದ ಮಾತಿಗೆ ಆ ಕಿವೀನೇ ಕೊಡ್ತೀನಿ" ಎಂದು ನಗುತ್ತಾರೆ.

ಈ ಸ್ಮಾರಕದ ನಕ್ಷೆ ಕೈಗೆ ಬಂದ ದಿನ ಮಾತ್ರ ಅವರಿಗೆ ನಗು ಬರಲಿಲ್ಲ. ಹಿಮ್ಮಡಿ ಕೂಡಿಸಿದ ಕವಾಯತಿನ ಹೆಜ್ಜೆಗಳು, ಎರಡೂ ಒಂದೇ ಆಳ. ಅವರ ತಮ್ಮ ಹೊರದೇಶದಲ್ಲಿ, ಹಗೆ ಕಟ್ಟಿಕೊಂಡ ಎರಡು ಊರುಗಳ ನಡುವಿನ ಸೇತುವೆ ಮೇಲೆ ಒಂಬತ್ತು ತಿಂಗಳು ಕಾವಲು ನಿಂತು ಬಂದವನು. ಹಾಗೆ ಯಾರೂ ನಿಲ್ಲುವುದಿಲ್ಲ ಎಂದು ಅಕ್ಕ ಹೇಳಿದ್ದಕ್ಕೆ, ಕಡೆಯುವುದಷ್ಟೇ ನಿಮ್ಮ ಕೆಲಸ ಎಂದು ಸ್ಮಾರಕ ಸಮಿತಿಯವರು ಬಾಯಿ ಮುಚ್ಚಿಸಿದರು. ಕೆಲಸ ಕೈತಪ್ಪುವ ಭಯವಿತ್ತು. ಆದರೂ ಅವರು ಉಳಿ ಮುಟ್ಟಲಿಲ್ಲ.

ಮರುದಿನ ತಮ್ಮನನ್ನು ಕರೆತಂದು ಮರಳ ಮೇಲೆ ನಿಲ್ಲಿಸಿದರು. "ಸರ್, ಒಂದು ಗಂಟೆ ಬಿಟ್ಟು ಇವನ ಮುಖ ಅಲ್ಲ, ಕಾಲ ಕೆಳಗೆ ನೋಡಿ" ಎಂದು ವಿನ್ಯಾಸಕರನ್ನು ಕೇಳಿಕೊಂಡರು. ಗಂಟೆ ಕಳೆಯುವಷ್ಟರಲ್ಲಿ ಕಾಲುಗಳು ಒಂದರಿಂದೊಂದು ದೂರ ಸರಿದಿದ್ದವು. ಭಾರವೆಲ್ಲ ಬಲಗಾಲಿನ ಮೇಲೆ. ಎಡಪಾದ ತುಸು ಹೊರಗೆ ತಿರುಗಿತ್ತು. ವಿನ್ಯಾಸಕರು ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಆಮೇಲೆ ಪೆನ್ಸಿಲ್ ತೆಗೆದು ತಮ್ಮ ನಕ್ಷೆಯನ್ನು ತಾವೇ ತಿದ್ದಿದರು.

ಕಡೆಯಲು ಹತ್ತೊಂಬತ್ತು ದಿನ ಹಿಡಿಯಿತು. ಬಲಹೆಜ್ಜೆ ಅರ್ಧ ಬೆರಳಿನಷ್ಟು ಹೆಚ್ಚು ಆಳ. ತಮ್ಮ ಆಗಾಗ ಬರುತ್ತಾನೆ, ಬೆಂಚಿನ ಮೇಲೆ ಕೂರುತ್ತಾನೆ. ಹೆಜ್ಜೆಯಲ್ಲಿ ಮಾತ್ರ ನಿಲ್ಲುವುದಿಲ್ಲ. "ನನ್ನ ಪಾಳಿ ಮುಗೀತಲ್ಲ ಅಕ್ಕಾ" ಅನ್ನುತ್ತಾನಂತೆ.

ಹೆಸರು ಹಾಕಲಿಲ್ಲವೆಂಬ ಬೇಸರವಿದೆಯೇ ಎಂದರೆ ಉಳಿಯಕ್ಕ ಇಲ್ಲವೆಂದು ತಲೆಯಾಡಿಸಿ, ಹೆಜ್ಜೆಯೊಳಗೆ ಬೆರಳಾಡಿಸುತ್ತಾರೆ.

"ಉಳಿ ಗುರುತು ಇನ್ನೂ ಕೈಗೆ ಸಿಗುತ್ತೆ. ಜನ ನಿಂತೂ ನಿಂತೂ ಇದು ಸವೆದು ನುಣ್ಣಗಾಗ್ಬೇಕು. ಅಷ್ಟು ಜನ ನಿಂತ್ರೆ ಸಾಕು."