ಮಾತಾಡಿಸಿದರೆ ಬದುಕುವ ಮಷೀನು

ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಓಡಿಸೋದು ನಮ್ಮ ಇಂದಿರಾನಗರದ ಆಫೀಸಿನ ಕೆಲಸ. ಅವತ್ತು ಒಳಗಿನದರ ಕರ್ನಲ್, ಅಂದ್ರೆ ಅದನ್ನು ನಡೆಸೋ ಮೂಲ ಪ್ರೋಗ್ರಾಮು, ಇಲ್ಲದ ಮೆಮೊರಿ ಪುಟಕ್ಕೆ ಕೈಹಾಕಿ, ಪೇಜ್ ಫಾಲ್ಟ್ ಅಂತ ಪದೇಪದೇ ಸಾಯ್ತಿತ್ತು. ಮಧ್ಯಾಹ್ನ ದಿಲ್ಲಿಯ ಕ್ಲೈಂಟು ನೋಡಲು ಬರುವವರಿದ್ದರು. ಅವರೆದುರು ಸತ್ತರೆ ಪ್ರಾಜೆಕ್ಟೇ ಬಂದ್. ಎಸ್ಸೆಸ್ಸೆಲ್ಸಿ ದಾಟದ ನನಗೆ ಇನ್ಯಾರು ಕೆಲಸ ಕೊಡ್ತಾರೆ?

ಎಲ್ಲಿ ಸಾಯುತ್ತದೆಂದು ತಿಳಿಯಲು, ಅನುಮಾನದ ಜಾಗದಲ್ಲಿ ‘ಬಂದೆ ಗುರು’ ಎಂದು ಪ್ರಿಂಟ್ ಆಗುವಂತೆ ಒಂದು ಸಾಲು ಸೇರಿಸಿದೆ. ಸಾಯಲೇ ಇಲ್ಲ. ತೆಗೆದೆ, ಸತ್ತಿತು. ಮತ್ತೆ ಹಾಕಿದೆ, ಬದುಕಿತು.

“ಏನ್ರೀ ಮಾಡಿದ್ರಿ?” ಎಂದರು ನಮ್ಮ ಲೀಡ್ ರೆಹಾನಾ ಮೇಡಂ.

“ಮಾತಾಡಿಸ್ತಿದೀನಿ ಮೇಡಂ. ಪ್ರಿಂಟ್ ಆಗೋಷ್ಟರಲ್ಲಿ ಹೊರಗಿನ ಮಷೀನು ಪುಟ ಕೊಟ್ಬಿಡತ್ತೆ ಅನ್ಸತ್ತೆ.”

“ಅನ್ಸತ್ತೆ ಅಂದ್ರೆ ಹೆಂಗ್ರೀ? ಯಾ ಅಲ್ಲಾ, ಬಂದೇಬಿಟ್ರು! ಹಂಗೇ ಇರ್ಲಿ, ಮುಟ್ಬೇಡಿ!”

ಪರದೆ ತುಂಬ ‘ಬಂದೆ ಗುರು, ಬಂದೆ ಗುರು’ ಎಂದು ಓಡುತ್ತಿತ್ತು. ಕ್ಲೈಂಟ್ ಬಗ್ಗಿ ನೋಡಿ, ಇದೇನೆಂದು ಕೇಳಿದರು.

“ಲೋಕಲ್ ಲ್ಯಾಂಗ್ವೇಜ್ ಸಪೋರ್ಟ್, ಸರ್,” ಎಂದರು ಮೇಡಂ, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ಮುಂದಿನ ವಾರ ತಪ್ಪು ಸಿಕ್ಕಿತು, ಸರಿಮಾಡಿ ಆ ಸಾಲು ಅಳಿಸಿದೆವು. ದಿಲ್ಲಿಯಿಂದ ಕೂಡಲೇ ದೂರು ಬಂತು: ಹೊಸ ವರ್ಷನ್ನಿನಲ್ಲಿ ಕನ್ನಡ ಕೆಲಸ ಮಾಡುತ್ತಿಲ್ಲ.